ಅಡಿಕೆ ದಬ್ಬೆಯ ಗೂಡಿಗೆ ಮಡಿವಾಳ ಬಂತು

ಕಡೆಗೂ ಈ ಏಪ್ರಿಲ್‌ನಲ್ಲಿ, ಅಡಿಕೆ ಮರ ಸೀಳಿ ಮಾಡಿದ ನನ್ನ ದಬ್ಬೆಯ ಗೂಡುಗಳಲ್ಲಿ ಮಡಿವಾಳ ಹಕ್ಕಿ ಮತ್ತೆ ಮೊಟ್ಟೆಯಿಟ್ಟಿತು. ಈ ಸಲ ಒಂದರಲ್ಲಲ್ಲ, ಮೂರರಲ್ಲಿ! ‘ಕಾಡಿನ ಹಕ್ಕಿ ನೀನು ಕಟ್ಟಿದ ಮನೆಗೆ ಬರುವುದುಂಟೇ’ ಎಂದು ನಾಲ್ಕು ವರ್ಷ ಆಡಿಕೊಂಡವರೇ ಈಗ ತಮ್ಮ ತೋಟಕ್ಕೂ ಎರಡು ಮಾಡಿಕೊಡು ಎನ್ನುತ್ತಿದ್ದಾರೆ.

ಶಿರಸಿ ಸೀಮೆಯ ನಮ್ಮ ತೋಟಗಳಲ್ಲಿ ಸತ್ತ ಅಡಿಕೆ ಮರ ಕಂಡೊಡನೆ ಕಡಿಯುತ್ತೇವೆ. ಮರಕುಟಿಗ ಕೊರೆದು ಬಿಟ್ಟ ಪೊಟರೆಯೂ ಅದರೊಂದಿಗೆ ಹೋಗುತ್ತದೆ. ಮಡಿವಾಳಕ್ಕೆ ಗೂಡಿಗೆ ಬೇಕಾದದ್ದು ಅದೇ ಪೊಟರೆ.

ಮೊದಲ ವರ್ಷ ಬಡಗಿಯಿಂದ ಎಂಟು ಪ್ಲೈವುಡ್ ಪೆಟ್ಟಿಗೆ ಮಾಡಿಸಿದೆ. ಸುಮಾರು ಮೂರು ಸಾವಿರ ರೂಪಾಯಿ ಹೋಯಿತು. ಬಾಯಿ ಮೂರು ಇಂಚು ಇಟ್ಟದ್ದರಿಂದ ಐದಕ್ಕೆ ಗೊರವಂಕ ನುಗ್ಗಿತು. ಉಳಿದವು ಜುಲೈ ಮಳೆಗೆ ಉಬ್ಬಿ ಬಿರಿದವು. ಮರುವರ್ಷ ಹಣ ಹಾಕಲು ಮನಸ್ಸಾಗದೆ ಬಿದ್ದ ಮರವನ್ನೇ ಸೀಳಿ, ಒಳಗಿನ ತಿರುಳು ಉಳಿಯಿಂದ ಕೆತ್ತಿ, ಎರಡು ದಬ್ಬೆ ಜೋಡಿಸಿ ತಂತಿ ಬಿಗಿದೆ. ತಲೆಗೆ ಅಡಿಕೆ ಹಾಳೆಯ ಟೋಪಿ. ಒಂದಕ್ಕೆ ನಲವತ್ತು ರೂಪಾಯಿ ಬಿದ್ದಿರಬಹುದು, ಅದೂ ತಂತಿಗೆ. ಆಳೆತ್ತರಕ್ಕಿಂತ ತುಸು ಮೇಲೆ, ನೆರಳಿನ ಕಡೆಗೆ ಕಟ್ಟಬೇಕು. ಬಾಯಿಯ ಸರಿಯಾದ ಅಳತೆ ಮತ್ತು ತಳಕ್ಕೆ ಹಾಕುವ ವಸ್ತು ಸದ್ಯಕ್ಕೆ ನನ್ನಲ್ಲೇ ಇರಲಿ. ಇನ್ನೊಂದು ಹಂಗಾಮು ನೋಡಿ ಹೇಳುತ್ತೇನೆ.

ಅಷ್ಟಾದರೂ ಸೋಲು ಬಿಡಲಿಲ್ಲ. ಒಂದು ವರ್ಷ ಚಗಳಿ ಇರುವೆ ಮುತ್ತಿ ಮೂರು ಮರಿಗಳನ್ನು ಕೊಂದವು. ಆ ಬೆಳಗ್ಗೆ ಗಂಡು ಬಾಯಲ್ಲಿ ಎರೆಹುಳ ಹಿಡಿದು ಗೂಡಿನೆದುರು ಬಾಲ ಎತ್ತಿ ಇಳಿಸುತ್ತ ಬಹಳ ಹೊತ್ತು ಕುಳಿತಿತ್ತು. ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮರುವರ್ಷ ಕೇರೆ ಹಾವು. ಈಗ ಕಾಂಡಕ್ಕೆ ತಗಡಿನ ಕೊರಳಪಟ್ಟಿ, ಅದರ ಕೆಳಗೆ ಗ್ರೀಸ್. ಇದಕ್ಕೆ ಒಟ್ಟು ಎಂಟು ನೂರು ರೂಪಾಯಿ.

ಹತ್ತಿರ ಹತ್ತಿರ ಕಟ್ಟಿದ್ದೂ ತಪ್ಪು. ಗಂಡುಗಳು ಜಗಳವಾಡಿ ಎರಡೂ ಗೂಡು ಖಾಲಿ ಉಳಿದವು. ಹನ್ನೊಂದರಲ್ಲಿ ಮೂರು ತುಂಬಿದ್ದು ಅಂತರ ಹೆಚ್ಚಿಸಿದ ಮೇಲೆಯೇ. ಒಂದರಲ್ಲಿ ನಾಲ್ಕು ಮೊಟ್ಟೆ, ತಿಳಿ ನೀಲಿಹಸಿರಿನ ಮೇಲೆ ಕಂದು ಚುಕ್ಕೆ. ಕಾವಿಗೆ ಹನ್ನೆರಡು ಹದಿಮೂರು ದಿನ, ಹಾರಲು ಇನ್ನೊಂದು ಹದಿನೈದು. ಮೊದಲ ಮರಿ ಬಾಯಿಯಂಚಿನಲ್ಲಿ ಕುಳಿತಾಗ ಅದರ ಎದೆಯ ತುಂಬ ಕಂದು ಚಿಪ್ಪುಚಿಪ್ಪಾದ ಗರಿಗಳಿದ್ದವು.

ಇದರ ನಡುವೆ ಹಳ್ಳದ ದರೆಯಲ್ಲಿ, ಅಂದರೆ ಅಂಚಿನ ಮಣ್ಣಿನ ಗೋಡೆಯಲ್ಲಿ, ತೆಂಗಿನ ಚಿಪ್ಪು ಹುಗಿದು ನೀಲಿ ನೊಣಹಿಡುಕ ಎಂಬ ಪುಟ್ಟ ಹಕ್ಕಿಯನ್ನು ಗೂಡಿಗೆ ಕರೆಯಲು ನೋಡಿದೆ. ಎರಡು ವರ್ಷದಿಂದ ಒಂದು ಹುಲ್ಲುಕಡ್ಡಿಯೂ ಬಂದಿಲ್ಲ. ಆದರೆ ಪಕ್ಕದ ಸಿಮೆಂಟ್ ತೊಟ್ಟಿಗೆ ಚಳಿಗಾಲದ ಸಂಜೆಗಳಲ್ಲಿ ಉದ್ದ ಬಾಲದ ರಾಜಹಕ್ಕಿ ಬಂದು, ಕೊಂಬೆಯಿಂದ ನೀರಿಗೆ ಧುಮುಕಿ ಮತ್ತೆ ಅದೇ ಕೊಂಬೆಗೆ ಏರುತ್ತದೆ. ದರೆಯ ಚಿಪ್ಪುಗಳನ್ನು ಈ ಸಲ ಇನ್ನೂ ಓರೆಯಾಗಿ ಹುಗಿದಿದ್ದೇನೆ.