ವಿಶ್ವವಿದ್ಯಾಲಯದ ಬೀಜಧನ: ಅರ್ಜಿಯಿಂದ ಬಳಕೆ ಪ್ರಮಾಣಪತ್ರದವರೆಗೆ

ಅಧ್ಯಾಪಕರ ಸಂಶೋಧನೆಗೆ, ರಂಗಭೂಮಿ, ಚಿತ್ರಕಲೆ, ಸಂಗೀತದ ಕೆಲಸಕ್ಕೆ ವಿಶ್ವವಿದ್ಯಾಲಯ ತನ್ನ ನಿಧಿಯಿಂದಲೇ ಕೊಡುವ ಹಣಕ್ಕೆ ಸೀಡ್ ಮನಿ ಅಥವಾ ಬೀಜಧನ ಎನ್ನುತ್ತಾರೆ. ಮೊತ್ತ ಸಣ್ಣದಾದರೂ ಮುಂದೆ ಹೊರಗಿನ ದೊಡ್ಡ ಅನುದಾನಕ್ಕೆ ಬೇಕಾಗುವ ಪ್ರಾಥಮಿಕ ದತ್ತಾಂಶ ಸಿಗುವುದು ಇದರಿಂದಲೇ. ಇಂಥ ಯೋಜನೆಗಳು ನಡುವೆ ನಿಂತುಹೋಗಲು ಬಹುಪಾಲು ಕಾರಣ ಒಂದೇ: ಹಣ ಕೈಗೆ ಬರುವ ತಿಂಗಳಿಗೂ ಕೆಲಸ ನಡೆಯಬೇಕಾದ ತಿಂಗಳಿಗೂ ತಾಳೆಯಾಗುವುದಿಲ್ಲ. ಆದ್ದರಿಂದ ಅರ್ಜಿ ಬರೆಯುವ ಮೊದಲು ಕ್ಯಾಲೆಂಡರ್ ಎದುರಿಗಿಟ್ಟುಕೊಳ್ಳಿ.

ಸುತ್ತೋಲೆ ಬಂದ ದಿನವೇ ನಾಲ್ಕು ಸಂಗತಿ ಗುರುತು ಹಾಕಿಕೊಳ್ಳಿ: ಗರಿಷ್ಠ ಮೊತ್ತ, ಅವಧಿ, ಯಾರು ಅರ್ಹರು, ಯಾವುದಕ್ಕೆ ಖರ್ಚು ಮಾಡುವಂತಿಲ್ಲ. ಅತಿಥಿ ಉಪನ್ಯಾಸಕರಿಗೆ, ನಿವೃತ್ತಿಗೆ ಹತ್ತಿರವಿರುವವರಿಗೆ ಅವಕಾಶವಿದೆಯೇ ಎಂಬುದನ್ನು ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ, ಲಿಖಿತವಾಗಿ ಕೇಳಿ.

ವಿಷಯ ಕಿರಿದಾಗಿರಲಿ. ‘ಚಿತ್ರದುರ್ಗ ಜಿಲ್ಲೆಯ ಅಂತರ್ಜಲದ ಗುಣಮಟ್ಟ’ ಎಂಬುದು ಒಂದು ವರ್ಷದಲ್ಲಿ ಮುಗಿಯುವ ಕೆಲಸವಲ್ಲ. ‘ಚಳ್ಳಕೆರೆ ತಾಲ್ಲೂಕಿನ 40 ಕುಡಿಯುವ ನೀರಿನ ಕೊಳವೆಬಾವಿಗಳಲ್ಲಿ ಮಳೆಗಾಲದ ಮುಂಚೆ ಮತ್ತು ನಂತರ ಫ್ಲೋರೈಡ್ ಎಷ್ಟು ವ್ಯತ್ಯಾಸವಾಗುತ್ತದೆ’ ಎಂದು ಬರೆದರೆ ಸಮಿತಿಗೆ ಕೆಲಸದ ಅಳತೆ ಕಾಣುತ್ತದೆ. ಹೋಲಿಸಿ ನೋಡಲು ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಇದ್ದೇ ಇದೆ: ಲೀಟರಿಗೆ 1.0 ಮಿ.ಗ್ರಾಂ ಸ್ವೀಕಾರಾರ್ಹ, ಬೇರೆ ನೀರಿನ ಮೂಲವಿಲ್ಲದಿದ್ದರೆ 1.5ರವರೆಗೆ. 40 ಬಾವಿ, ಎರಡು ಋತು, ಒಟ್ಟು 80 ಮಾದರಿ. ಅಳತೆ ಸರಿಯಿದೆಯೇ ಎಂದು ನೋಡಲು ಹತ್ತಕ್ಕೊಂದರಂತೆ ಎರಡನೇ ಬಾರಿ ತೆಗೆಯುವ ಜೋಡಿ ಮಾದರಿ ಸೇರಿದರೆ 88. ಬಾಟಲಿ, ರಾಸಾಯನಿಕ, ವಾಹನ ಬಾಡಿಗೆ ಎಲ್ಲದರ ಲೆಕ್ಕವೂ ಈ 88ರಿಂದಲೇ ಹೊರಡಬೇಕು.

ಈಗ ಇದೇ ಯೋಜನೆಯನ್ನು ತಿಂಗಳುಗಳ ಮೇಲೆ ಹರಡಿ ನೋಡಿ. ಮಂಜೂರಾತಿ ಆದೇಶ ಸೆಪ್ಟೆಂಬರಿನಲ್ಲಿ ಬಂತು ಎಂದುಕೊಳ್ಳೋಣ. ಮಳೆಯ ನಂತರದ ಮಾದರಿಯನ್ನು ನವೆಂಬರ್–ಡಿಸೆಂಬರಿನಲ್ಲಿ ತೆಗೆಯಬಹುದು. ಮಳೆಗೆ ಮುಂಚಿನದು ಸಿಗುವುದು ಏಪ್ರಿಲ್–ಮೇ ತಿಂಗಳಲ್ಲಿ. ನಡುವೆ ಮಾರ್ಚ್ 31 ಬರುತ್ತದೆ, ಖರ್ಚಾಗದ ಹಣ ವಾಪಸು ಹೋಗುತ್ತದೆ, ಅರ್ಧ ದತ್ತಾಂಶವಷ್ಟೇ ಕೈಯಲ್ಲಿ ಉಳಿಯುತ್ತದೆ. ಹಾಗಾಗಿ ಹಣವನ್ನು ಎರಡು ಆರ್ಥಿಕ ವರ್ಷಗಳಲ್ಲಿ ಎರಡು ಕಂತಾಗಿ ಬಿಡುಗಡೆ ಮಾಡಬೇಕೆಂದು, ಋತುವಿನ ಕಾರಣ ಕೊಟ್ಟು, ಅರ್ಜಿಯಲ್ಲೇ ಕೋರಿ. ಮಂಜೂರಾದ ಮೇಲೆ ಕೇಳಿದರೆ ಕಡತ ಮತ್ತೆ ಮೊದಲಿನಿಂದ ಸುತ್ತಬೇಕಾಗುತ್ತದೆ. ಮೆಕ್ಕೆಜೋಳದ ಹೊಲದಲ್ಲಿ ಪ್ರಯೋಗ ಮಾಡುವವರಿಗೂ ಇದೇ ಪಾಠ: ಮುಂಗಾರು ಬಿತ್ತನೆ ತಪ್ಪಿದರೆ ಒಂದು ವರ್ಷವೇ ಹೋಯಿತು.

ಆಯವ್ಯಯದಲ್ಲಿ ಹೆಚ್ಚು ಏಟು ಕೊಡುವುದು ಜಿಎಸ್‌ಟಿ. ಸಾರ್ವಜನಿಕ ಸಂಶೋಧನಾ ಸಂಸ್ಥೆಗಳ ವೈಜ್ಞಾನಿಕ ಉಪಕರಣಗಳಿಗೆ ಇದ್ದ ಶೇ 5ರ ರಿಯಾಯಿತಿ ದರ 2022ರ ಜುಲೈನಲ್ಲಿ ರದ್ದಾಯಿತು. ಬಹುಪಾಲು ಉಪಕರಣಕ್ಕೆ ಈಗ ಶೇ 18 ತೆರಬೇಕು. ಕೊಟೇಶನ್‌ನಲ್ಲಿ ‘ತೆರಿಗೆ ಪ್ರತ್ಯೇಕ’ ಎಂದಿರುವ 40,000 ರೂಪಾಯಿಯ ಮೀಟರ್ ಬಿಲ್ಲಿನಲ್ಲಿ 47,200 ಆಗುತ್ತದೆ. ಸಾಗಣೆ, ಅಳವಡಿಕೆ, ಕ್ಯಾಲಿಬ್ರೇಶನ್ ಸೇರಿದ ಪೂರ್ತಿ ದರವನ್ನೇ ಬರೆಸಿಕೊಳ್ಳಿ. ಉಪಕರಣ ಬರೆದು ಅದಕ್ಕೆ ಬೇಕಾದ ಸಾಮಗ್ರಿ ಬಿಟ್ಟುಬಿಡುವುದೂ ಮಾಮೂಲು. ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಕೊಂಡರೆ ಮಾದರಿಗೆ ಬೆರೆಸುವ ಟಿಸಾಬ್ ಎಂಬ ಬಫರ್ ದ್ರಾವಣವೂ, ಹೋಲಿಸಲು ಸಾಂದ್ರತೆ ಗೊತ್ತಿರುವ ಪ್ರಮಾಣಿತ ದ್ರಾವಣವೂ ಬೇಕು. ಟಿಸಾಬ್ ಇಲ್ಲದೆ ಅಳೆದರೆ ನೀರಿನಲ್ಲಿರುವ ಅಲ್ಯೂಮಿನಿಯಂ, ಕಬ್ಬಿಣ ಫ್ಲೋರೈಡನ್ನು ಹಿಡಿದಿಟ್ಟುಕೊಂಡು ಓದು ಕಡಿಮೆ ತೋರಿಸುತ್ತದೆ. ಬಾಟಲಿ ಪಾಲಿಥೀನಿನದ್ದಾಗಿರಬೇಕು, ಗಾಜಿನದ್ದಲ್ಲ. ಇಂಥ ವಿವರ ಆಯವ್ಯಯದಲ್ಲಿ ಕಂಡರೆ ಪರಿಶೀಲಿಸುವವರಿಗೆ ಅರ್ಜಿದಾರರ ಮೇಲೆ ನಂಬಿಕೆ ಹುಟ್ಟುತ್ತದೆ. ಲ್ಯಾಪ್‌ಟಾಪನ್ನು ಮೊದಲ ಸಾಲಿನಲ್ಲಿ ಬರೆದ ಅರ್ಜಿಯ ಮೇಲೆ ಅನುಮಾನ ಬೀಳುವುದೂ ಅಷ್ಟೇ ಸಹಜ.

ಅನುಮತಿಗಳನ್ನು ಹಣಕ್ಕಾಗಿ ಕಾಯದೆ ಈಗಲೇ ಕೇಳಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆ ಕಾರ್ಮಿಕರ ಶ್ವಾಸಕೋಶದ ಮೇಲೆ ಏನು ಮಾಡುತ್ತಿದೆ ಎಂದು ಅಳೆಯುವುದಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಕಾರ್ಮಿಕರಿಗೆ ಓದಿ ಹೇಳಿ ಪಡೆದ ಕನ್ನಡದ ಸಮ್ಮತಿ ಪತ್ರವೂ ಬೇಕು. ಶಾಲಾ ಮಕ್ಕಳ ಹಲ್ಲಿನ ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಬೀಳುವ ಕಲೆ) ನೋಡುವುದಾದರೆ ಪೋಷಕರ ಒಪ್ಪಿಗೆ, ಮಕ್ಕಳ ಒಪ್ಪಿಗೆ, ಶಿಕ್ಷಣ ಇಲಾಖೆಯ ಪತ್ರ ಮೂರೂ ಬೇಕು. ಜೋಗಿಮಟ್ಟಿ ಕಾಡಿಗೆ ಅರಣ್ಯ ಇಲಾಖೆ, ಚಿತ್ರದುರ್ಗದ ಕೋಟೆಯಲ್ಲಿ ಟ್ರೈಪಾಡ್ ಇಟ್ಟು ಚಿತ್ರೀಕರಿಸಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ.

ಕಲೆ, ಸಾಹಿತ್ಯ ವಿಭಾಗದವರು ಈ ಹಣ ಪ್ರಯೋಗಾಲಯದವರಿಗೆ ಎಂದು ಹಿಂದೆ ಸರಿಯುತ್ತಾರೆ. ಹಾಗೆ ಸರಿಯಬಾರದು. ರಂಗನಟಿ ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ಇದ್ದ ಊರು ದಾವಣಗೆರೆ. ವೃತ್ತಿರಂಗಭೂಮಿಯ ಹಾಡುಗಳನ್ನು ಕಂಠದಲ್ಲಿ ಉಳಿಸಿಕೊಂಡ ಹಿರಿಯ ಕಲಾವಿದರ ಧ್ವನಿಮುದ್ರಣ ಇನ್ನಷ್ಟು ವರ್ಷ ಕಾಯುವ ಕೆಲಸವಲ್ಲ. ಬೀಜಧನಕ್ಕೆ ಇದಕ್ಕಿಂತ ಸರಿಯಾದ ಬಳಕೆ ಸಿಗುವುದು ಕಷ್ಟ. ಲೆಕ್ಕವೂ ಸುಲಭ: 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊ ವೇವ್ ಕಡತ ಗಂಟೆಗೆ ಸುಮಾರು 1 ಜಿಬಿ. 30 ಗಂಟೆಗೆ 31 ಜಿಬಿ. ಎರಡು ಹಾರ್ಡ್ ಡಿಸ್ಕ್‌ನಲ್ಲಿ, ಗ್ರಂಥಾಲಯದ ಸರ್ವರಿನಲ್ಲಿ, ಹೀಗೆ ಮೂರು ಪ್ರತಿ ಇರಲಿ. ಕಲಾವಿದರಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಪ್ರದರ್ಶನಕಾರರ ಹಕ್ಕು ಇದೆ. ಬೋಧನೆಗೆ ಮಾತ್ರವೋ, ಅಂತರ್ಜಾಲಕ್ಕೂ ಹಾಕಬಹುದೋ ಎಂದು ಸಮ್ಮತಿ ಪತ್ರದಲ್ಲಿ ಬಿಡಿಸಿ ಬರೆಸಿ. ಗೌರವಧನವನ್ನು ಬ್ಯಾಂಕಿಗೆ ಹಾಕಿಸುವುದು ಒಳ್ಳೆಯದು. ಪಾಸ್‌ಬುಕ್, ಪ್ಯಾನ್ ಪ್ರತಿಗಳನ್ನು ಮೊದಲ ಭೇಟಿಯಲ್ಲೇ ಪಡೆಯಿರಿ. ನಗದು ಕೊಡುವುದು ಅನಿವಾರ್ಯವಾಗಿ ಮೊತ್ತ 5,000 ರೂಪಾಯಿ ದಾಟಿದರೆ ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಬೇಕು.

ದೃಶ್ಯಕಲೆಯವರು ಇನ್ನೊಂದು ಪ್ರಶ್ನೆಗೆ ಮೊದಲೇ ಉತ್ತರ ಬರೆದಿಡಬೇಕು: ಮುಗಿದ ಚಿತ್ರ ಯಾರದ್ದು? ಬಣ್ಣ, ಕ್ಯಾನ್ವಾಸ್ ಬಳಕೆಯಲ್ಲಿ ಮುಗಿಯುವ ಸಾಮಗ್ರಿ, ಈಸಲ್ ದಾಸ್ತಾನು ವಹಿಗೆ ಸೇರುವ ವಸ್ತು. ಆದರೆ ಕಲಾಕೃತಿಯ ಒಡೆತನದ ಮಾತು ಆದೇಶದಲ್ಲಿ ಇಲ್ಲದಿದ್ದರೆ ಆಡಿಟ್ ಸಮಯದಲ್ಲಿ ತಗಾದೆ ಏಳುತ್ತದೆ. ಫಲಿತಾಂಶದ ಸಾಕ್ಷಿಯಾಗಿ ಆಹ್ವಾನ ಪತ್ರಿಕೆ, ದಿನಾಂಕವಿರುವ ಫೋಟೊ, ಕ್ಯಾಟಲಾಗ್, ಹೊರಗಿನ ತಜ್ಞರೊಬ್ಬರ ಸಹಿ ಇರುವ ವಿಮರ್ಶೆ ಕೊಡುವುದಾಗಿ ಅರ್ಜಿಯಲ್ಲೇ ಹೇಳಿ.

ಹಣ ಬಂದ ಮೇಲೆ ಎಚ್ಚರ ಬೇಕಾದದ್ದು ಬಿಲ್ಲುಗಳಲ್ಲಿ. ಮಂಜೂರಾತಿ ಆದೇಶಕ್ಕಿಂತ ಹಿಂದಿನ ದಿನಾಂಕದ ಬಿಲ್ ಪಾಸಾಗುವುದಿಲ್ಲ. ಬಿಲ್ ವಿಶ್ವವಿದ್ಯಾಲಯದ ಹೆಸರಿನಲ್ಲಿರಬೇಕು. ಟೆಂಡರ್ ತಪ್ಪಿಸಲು ಒಂದೇ ಖರೀದಿಯನ್ನು ತುಂಡು ಮಾಡಿದರೆ 1999ರ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತಾ ಕಾಯ್ದೆಯಡಿ ಆಕ್ಷೇಪಣೆ ಖಚಿತ. ಪ್ರಯಾಣದ ಬಾಬ್ತಿನ ಹಣವನ್ನು ರಾಸಾಯನಿಕಕ್ಕೆ ಬಳಸಬೇಕಾದರೆ ಮೊದಲು ಲಿಖಿತ ಅನುಮತಿ, ಆಮೇಲೆ ಖರ್ಚು. ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಯಂತ್ರ ಚಿತ್ರದುರ್ಗದ ಬಳಿಯ ಗುಡ್ಡದರಂಗವ್ವನಹಳ್ಳಿ ಸ್ನಾತಕೋತ್ತರ ಕೇಂದ್ರದಲ್ಲಿದ್ದು ಕಡತ ಮುಖ್ಯ ಆವರಣವಾದ ಶಿವಗಂಗೋತ್ರಿಯಲ್ಲಿದ್ದರೆ, ಯಾವ ದಾಸ್ತಾನು ವಹಿಯಲ್ಲಿ ನಮೂದಿಸಬೇಕೆಂದು ಹಣಕಾಸು ಅಧಿಕಾರಿಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ವಹಿಯ ಪುಟ ಸಂಖ್ಯೆ ಬಿಲ್ಲಿನ ಹಿಂದೆ ಇಲ್ಲವೆಂದರೆ ಬಿಲ್ ಹಿಂದಕ್ಕೆ ಬರುತ್ತದೆ.

ಕೊನೆಯ ಖರೀದಿಯನ್ನು ಜನವರಿಯೊಳಗೆ ಮುಗಿಸಿ. ಮಾರ್ಚ್ ಕೊನೆಯ ವಾರದಲ್ಲಿ ಎಲ್ಲ ವಿಭಾಗಗಳ ಬಿಲ್ಲೂ ಒಂದೇ ಮೇಜಿನ ಮೇಲೆ ಬೀಳುತ್ತವೆ. ಹಣ ಮಂಜೂರಾದ ಉದ್ದೇಶಕ್ಕೇ ಖರ್ಚಾಗಿದೆ ಎಂದು ದೃಢೀಕರಿಸುವ ಬಳಕೆ ಪ್ರಮಾಣಪತ್ರದ ಜೊತೆ ಬಾಬ್ತುವಾರು ಖರ್ಚಿನ ತಖ್ತೆ, ವೋಚರುಗಳು, ದಾಸ್ತಾನು ದೃಢೀಕರಣ, ಉಳಿಕೆ ಹಣ ಕಟ್ಟಿದ ಚಲನ್ ಇರಲಿ. ವರದಿಯಲ್ಲಿ ಸಿಗದೆ ಹೋದ ಫಲಿತಾಂಶವನ್ನೂ ಬರೆಯಿರಿ. ಎರಡು ಋತುಗಳ ನಡುವೆ ಫ್ಲೋರೈಡ್ ವ್ಯತ್ಯಾಸವಾಗಲಿಲ್ಲ ಎಂಬುದೂ ಒಂದು ಫಲಿತಾಂಶವೇ. ಪ್ರಕಟವಾಗುವ ಲೇಖನದಲ್ಲಿ ಅನುದಾನದ ಆದೇಶ ಸಂಖ್ಯೆ ನಮೂದಿಸಿ, ದತ್ತಾಂಶದ ಮೂಲ ಪ್ರತಿಯನ್ನು ವಿಭಾಗದಲ್ಲಿ ಇಡಿ. ಮುಂದೆ ಸಂಶೋಧನಾ ಅನುದಾನ ಕೊಡುವ ಕರ್ನಾಟಕದ ವಿಜ್ಞಾನ ಮತ್ತು ತಂತ್ರಜ್ಞಾನ ದಾರ್ಶನಿಕ ಗುಂಪಿಗೆ (ವಿಜಿಎಸ್‌ಟಿ) ಅರ್ಜಿ ಹಾಕುವಾಗ ಆ 88 ಮಾದರಿಗಳ ಕೋಷ್ಟಕವನ್ನೇ ಪ್ರಸ್ತಾವನೆಯ ಎರಡನೇ ಪುಟದಲ್ಲಿ ಇಡಬಹುದು.