ಕಾಂಡ್ಲಾ ಕಾಡಿಗೆ ಹೋಗುವವರು ಮೊದಲು ನೀರಿನ ಟೈಮ್ ನೋಡಿ

ಉಡುಪಿ ಕಡೆ ಕಾಂಡ್ಲಾ ಕಾಡು, ಅಂದ್ರೆ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು, ನೋಡ್ಲಿಕ್ಕೆ ಎಲ್ಲಿಗೆ ಹೋಗುದು, ರೇಟ್ ಎಷ್ಟು ಅಂತ ತುಂಬ ಜನ ಕೇಳ್ತಾರೆ. ಎಷ್ಟು ಗಂಟೆಗೆ ಹೋಗುದು ಅಂತ ಕೇಳುವವರು ಕಮ್ಮಿ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ದಿನಕ್ಕೆ ಎರಡು ಸಲ ನೀರು ಏರ್ತದೆ, ಎರಡು ಸಲ ಇಳೀತದೆ, ಏರಿದಾಗ ಕಾಣುವ ಕಾಡೇ ಬೇರೆ, ಇಳಿದಾಗ ಕಾಣುವ ಕಾಡೇ ಬೇರೆ. ಒಂದು ಗಂಟೆ ದೋಣಿಯಲ್ಲಿ ರೌಂಡ್ ಹೊಡ್ದು ವಾಪಸ್ ಬಂದವರು "ಎಂತ ಇಲ್ಲ ಮಾರಾಯ್ರೆ, ಎರಡೂ ಬದಿ ಬರೀ ಹಸ್ರು" ಅಂತಾರಲ್ಲ, ಅವರು ಹೇಳುದು ಸುಳ್ಳಲ್ಲ, ಆದ್ರೆ ಅವರು ನೋಡಿದ್ದು ಅರ್ಧ ಕಾಡು ಮಾತ್ರ. ನಾವು ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಇದ್ದು ಎರಡೂ ನೋಡಿದ್ವಿ, ಹೇಗೆ ಅಂತ ಬರೀತೇನೆ.

ಬೆಂಗಳೂರಿನಿಂದ ಭಾವನವರ ಫ್ಯಾಮಿಲಿ ಜನವರಿಯಲ್ಲಿ ಬರುದಿತ್ತು. ಅವರು ತಾರೀಖು ಫಿಕ್ಸ್ ಮಾಡುವ ಮೊದಲೇ ನಾನು ಮಲ್ಪೆಯ ಟೈಡ್ ಟೇಬಲ್, ಅಂದ್ರೆ ಉಬ್ಬರ ಇಳಿತದ ಟೈಮಿನ ಪಟ್ಟಿ, ತೆಗ್ದು ನೋಡಿದೆ, ಮೊಬೈಲಲ್ಲಿ ಈಗ ಸುಲಭದಲ್ಲಿ ಸಿಗ್ತದೆ. ಇವತ್ತು ಒಂಬತ್ತಕ್ಕೆ ಉಬ್ಬರ ಇದ್ರೆ ನಾಳೆ ಸುಮಾರು 50 ನಿಮಿಷ ತಡ, ನಾಡಿದ್ದು ಮತ್ತೂ ತಡ, ಹೀಗೆ ಸರೀತಾ ಹೋಗ್ತದೆ. ಹುಣ್ಣಿಮೆ ಅಮಾಸೆಯ ಆಸುಪಾಸು ಏರುದೂ ಜಾಸ್ತಿ, ಇಳಿಯುದೂ ಜಾಸ್ತಿ. ಹಾಗಾಗಿ ಹುಣ್ಣಿಮೆಗೆ ಎರಡು ದಿನ ಇರುವಾಗಿನ ಒಂದು ದಿನ ಆರಿಸಿದೆ, ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಉಬ್ಬರ, ಮಧ್ಯಾಹ್ನ ಮೂರೂವರೆ ಹೊತ್ತಿಗೆ ಇಳಿತ. ಇದು ಸಮುದ್ರದ ಬಾಯಿಯ ಲೆಕ್ಕ, ಹೊಳೆ ಒಳಗೆ ಹೋದ ಹಾಗೆ ನೀರು ತಡವಾಗಿ ಏರ್ತದೆ, ತಡವಾಗಿ ಇಳೀತದೆ, ಅದನ್ನು ಆ್ಯಪ್ ಹೇಳುದಿಲ್ಲ, ಅಲ್ಲಿಯ ದೋಣಿಯವರೇ ಹೇಳ್ಬೇಕು.

ಜಾಗ ಸಾಲಿಗ್ರಾಮ ಹತ್ರದ ಪಾರಂಪಳ್ಳಿ, ಸೀತಾ ನದಿಯ ಹಿನ್ನೀರು. ಉಡುಪಿಯಿಂದ ಹೈವೇ 66 ಹಿಡ್ದು ಬ್ರಹ್ಮಾವರ ದಾಟಿ ಹೋದ್ರೆ ಸಾಲಿಗ್ರಾಮ, ಅಲ್ಲಿ ಪಶ್ಚಿಮಕ್ಕೆ ತಿರುಗಿದ್ರೆ ಸ್ವಲ್ಪದರಲ್ಲೇ ನೀರು. ಸೀತಾ, ಸ್ವರ್ಣಾ ಎರಡೂ ಹೊಳೆ ಸೇರಿ ಸಮುದ್ರಕ್ಕೆ ಹೋಗುದು ಕೋಡಿ ಬೆಂಗ್ರೆ ಹತ್ರ, ಅಲ್ಲಿಯ ಅಳಿವೆ ಬಾಗಿಲಿನಿಂದ ಒಳಬಂದ ಉಪ್ಪುನೀರು ಇಲ್ಲಿವರೆಗೂ ಬರ್ತದೆ. ಕುಂದಾಪುರಕ್ಕೆ ಯಾಕೆ ಹೋಗ್ಲಿಲ್ಲ ಅಂತ ಕೇಳಬಹುದು. ಅಲ್ಲಿ ಪಂಚಗಂಗಾವಳಿ ಉಂಟು, ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಐದು ಹೊಳೆ ಸೇರುವ ಜಾಗ, ಕಾಂಡ್ಲಾವೂ ಚೆನ್ನಾಗಿ ಉಂಟು, 2011ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಅತಿ ಸೂಕ್ಷ್ಮ ಕರಾವಳಿ ಪ್ರದೇಶಗಳ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಕಾರವಾರದ ಜೊತೆ ಕುಂದಾಪುರದ ಹೆಸರೂ ಉಂಟು. ಆದ್ರೆ ಅಲ್ಲಿ ನೀರಿನ ಹರವು ದೊಡ್ಡದು, ಗಾಳಿ ಬೀಸಿದ್ರೆ ಸಣ್ಣ ದೋಣಿ ಓಲಾಡ್ತದೆ, ನಮ್ಮ ಜೊತೆ ಮಕ್ಕಳಿದ್ರು. ದೋಣಿಯೇ ಬೇಡ ಅನ್ನುವವರಿಗೆ ಹೊನ್ನಾವರದ ಕಾಸರಕೋಡಲ್ಲಿ ಕಾಂಡ್ಲಾ ಒಳಗೆ ಮರದ ಕಾಲುದಾರಿ ಮಾಡಿಟ್ಟಿದ್ದಾರೆ, ವಯಸ್ಸಾದವರು ಇದ್ರೆ ಅದೇ ವಾಸಿ.

ಈಗ ಗೈಡ್ ವಿಷಯ. ಫೋನ್ ಮಾಡಿದ ಎಲ್ಲರಿಗೂ ನಾನು ಒಂದೇ ಪ್ರಶ್ನೆ ಕೇಳಿದೆ, "ನೀರು ಇಳಿದ ಮೇಲೆ ಎಂತ ತೋರಿಸ್ತೀರಿ?" ಒಬ್ಬರು ಪ್ಯಾಕೇಜ್ ಹೇಳಿದ್ರು, ಒಂದು ಗಂಟೆ, ಫೋಟೋ ಸ್ಟಾಪ್, ಬ್ಲೂಟೂತ್ ಸ್ಪೀಕರ್ ಫ್ರೀ. ಇನ್ನೊಬ್ಬರು ನೀರು ಇಳಿದ್ರೆ ದೋಣಿ ಹೋಗುದಿಲ್ಲ ಸರ್, ಬೆಳಿಗ್ಗೆಯೇ ಬನ್ನಿ ಅಂದ್ರು. ಮೂರನೆಯವರು ಆ ಊರಿನವರೇ, ಹೊಳೆಯಲ್ಲಿ ಬಲೆ ಹಾಕಿ, ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕಿ ಬೆಳೆದವರು, ಅವರು ನಕ್ಕು "ಹ್ವಾಯ್, ನೀರ್ ಇಳ್ದ್ ಮೇಲೇ ಕಾಂಬುಕೆ ಇಪ್ದ್" ಅಂದ್ರು, ನೀರು ಇಳಿದ ಮೇಲೇ ನೋಡ್ಲಿಕ್ಕೆ ಇರುದು ಅಂತ. ಅಲ್ಲಿಗೆ ನಮ್ಮ ಗೈಡ್ ಫಿಕ್ಸ್. ಬೈನಾಕ್ಯುಲರ್ ಇಲ್ಲ, ಪುಸ್ತಕ ಇಲ್ಲ, ಹಕ್ಕಿಗಳ ಇಂಗ್ಲಿಷ್ ಹೆಸರು ಅರ್ಧಕ್ಕರ್ಧ ಗೊತ್ತಿಲ್ಲ, ಅದು ನನಗೆ ದೊಡ್ಡ ವಿಷಯ ಅಲ್ಲ, ಹೆಸರು ಮನೆಗೆ ಬಂದು ಹುಡುಕಬಹುದು. ಯಾವ ಕೆಸರಲ್ಲಿ ಕಾಲು ಮೊಣಕಾಲುವರೆಗೆ ಹೂಳ್ತದೆ, ಯಾವ ಕೆಸರು ಗಟ್ಟಿ ಅಂತ ಗೂಗಲ್‌ನಲ್ಲಿ ಸಿಗುದಿಲ್ಲ.

ಬೆಳಿಗ್ಗೆ ಎಂಟಕ್ಕೆ ದೋಣಿ ಹತ್ತಿದ್ವಿ, ಎಲ್ಲರಿಗೂ ಲೈಫ್ ಜಾಕೆಟ್. ನೀರು ಏರ್ತಾ ಇತ್ತು. ಅಗಲದ ನೀರಲ್ಲಿ ಇಂಜಿನ್, ಸಣ್ಣ ಕವಲಿಗೆ ತಿರುಗುವಾಗ ಇಂಜಿನ್ ಆಫ್, ಅಲ್ಲಿಂದ ಕೋಲು ಹಾಕಿ ನೂಕುದು. ಆ ಕವಲುಗಳಿಗೆ ನೀರು ತುಂಬಿದಾಗ ಮಾತ್ರ ಹೋಗ್ಲಿಕ್ಕೆ ಆಗುದು, ಬೆಳಿಗ್ಗೆಯ ಉಬ್ಬರ ಬೇಕಾದದ್ದು ಇದಕ್ಕೇ. ಎರಡೂ ಬದಿ ರೈಜೋಫೊರಾ ಜಾತಿಯ ಕಾಂಡ್ಲಾ ಮರಗಳು, ಕಾಂಡದ ನಡುವಿಂದ ಬಿಲ್ಲಿನ ಹಾಗೆ ಬಾಗಿ ನೀರಿಗೆ ಇಳಿದ ಆಸರೆ ಬೇರು, ತಲೆ ಬಗ್ಗಿಸದಿದ್ರೆ ಕೊಂಬೆ ಹಣೆಗೆ ಬಡೀತದೆ. ಮಧ್ಯದಲ್ಲಿ ಅವಿಸೆನ್ನಿಯಾ ಮರ ಸಿಕ್ಕಿತು, ಗೈಡ್ ಒಂದು ಎಲೆ ಕಿತ್ತು ಮಕ್ಕಳ ಕೈಗೆ ಕೊಟ್ಟು ನೆಕ್ಕಿ ನೋಡಿ ಅಂದ್ರು. ಬಿಸಿಲಿಗೆ ಹಿಡಿದ್ರೆ ಎಲೆ ಮೇಲೆ ಸಣ್ಣ ಸಣ್ಣ ಬಿಳಿ ಹರಳು ಮಿಣಮಿಣ ಅಂತಿತ್ತು, ನೆಕ್ಕಿದ್ರೆ ಸಾಚಾ ಉಪ್ಪು. ಬೇರಿನಲ್ಲಿ ಹೀರಿದ ಉಪ್ಪನ್ನು ಈ ಮರ ಎಲೆಯ ಗ್ರಂಥಿಗಳಿಂದ ಹೊರಗೆ ಹಾಕ್ತದೆ, ರೈಜೋಫೊರಾ ಹಾಗಲ್ಲ, ಅದು ಬೇರಲ್ಲೇ ಹೆಚ್ಚಿನ ಉಪ್ಪನ್ನು ಸೋಸಿ ಹೊರಗಿಡ್ತದೆ. ಭಾವನ ಮಗಳು ಸಿಕ್ಕಿದ ಎಲೆಯನ್ನೆಲ್ಲ ನೆಕ್ಕಲಿಕ್ಕೆ ಶುರು ಮಾಡಿದಾಗ ಗೈಡ್ ಜೋರು ಮಾಡಿದ್ರು, ಕಾರಣ ಉಂಟು, ಅದೇ ದಂಡೆಯಲ್ಲಿ ಎಕ್ಸಿಕೇರಿಯಾ ಅಂತ ಇನ್ನೊಂದು ಮರ ಇರ್ತದೆ, ಎಲೆ ಕಿತ್ತರೆ ಹಾಲು ಬರ್ತದೆ, ಆ ಹಾಲು ಕಣ್ಣಿಗೆ ಬಿದ್ರೆ ಆಸ್ಪತ್ರೆಯೇ ಗತಿ. ಮಕ್ಕಳನ್ನು ಕರ್ಕೊಂಡು ಹೋಗುವವರು ಇದನ್ನು ನೆನಪಿಡಿ, ಗೈಡ್ ಕೊಟ್ಟ ಎಲೆ ಬಿಟ್ಟು ಬೇರೆ ಯಾವುದನ್ನೂ ಮುಟ್ಟಿಸ್ಬೇಡಿ.

ಹಕ್ಕಿ ಬೆಳಿಗ್ಗೆ ಕಮ್ಮಿಯೇ. ಮಿಂಚುಳ್ಳಿ ಮೂರು ಜಾತಿಯದ್ದು ಕಂಡಿತು, ಅದರಲ್ಲಿ ಕರಿತಲೆಯದ್ದು, ಕೆಂಪು ಕೊಕ್ಕು, ಬಿಳಿ ಕಾಲರ್, ನೀಲಿ ಬೆನ್ನು, ದೋಣಿ ಹತ್ರ ಬರುವವರೆಗೂ ಕೂತಿತ್ತು. ಗರುಡ ತಲೆ ಮೇಲೆ ಸುತ್ತುತ್ತಾ ಇತ್ತು, ಅದು ನಮ್ಮ ಕಡೆ ಮೀನು ಮಾರ್ಕೆಟಲ್ಲೂ ಕಾಣ್ತದೆ ಬಿಡಿ. ಇಷ್ಟರಲ್ಲಿ ಭಾವನ ಮಗ ಮೊಸಳೆ ಎಲ್ಲಿ ಅಂತ ಕೇಳಿದ. ತಪ್ಪಲ್ಲ, ಟೀವಿಯಲ್ಲಿ ತೋರಿಸುದು ಸುಂದರಬನದ ಹುಲಿ, ಒಡಿಶಾದ ಭಿತರಕನಿಕದ ಮೊಸಳೆ. ನಮ್ಮ ಕಾಂಡ್ಲಾದಲ್ಲಿ ಅಂಥದ್ದು ಎಂತದ್ದೂ ಇಲ್ಲ, ಇಲ್ಲಿಯ ದೊಡ್ಡ ಪ್ರಾಣಿ ಅಂದ್ರೆ ನೀರುನಾಯಿ. ಅದು ನಮಗೆ ಕಾಣ್ಲಿಲ್ಲ. ಒಂದು ಮರಳ ದಿಬ್ಬದಲ್ಲಿ ಅದರ ಹಿಕ್ಕೆ ತೋರಿಸಿದ್ರು, ಕಡ್ಡಿಯಿಂದ ಬಿಡಿಸಿದ್ರೆ ಒಳಗೆ ಪೂರಾ ಮೀನಿನ ಹುರುಪೆ, ಏಡಿ ಚಿಪ್ಪಿನ ಚೂರು. ಹೆಂಗಸರು ಮೂಗು ಮುಚ್ಚಿದ್ರು, ಮಕ್ಕಳಿಗೆ ಭಾರೀ ಖುಷಿ. ಗ್ಯಾರಂಟಿ ನೀರುನಾಯಿ ತೋರಿಸ್ತೇವೆ ಅಂತ ಯಾರಾದ್ರೂ ಹೇಳಿದ್ರೆ ಅವರನ್ನು ನಂಬಬೇಡಿ.

ಹತ್ತೂವರೆ ಹೊತ್ತಿಗೆ ನೀರು ತಿರುಗಿತು, ಹನ್ನೊಂದಕ್ಕೆ ನಾವು ದಡದಲ್ಲಿ. ಇಲ್ಲಿಯೇ ಜನ ವಾಪಸ್ ಹೋಗುದು. ನಾವು ಗೈಡ್‌ನವರ ಸಂಬಂಧಿಕರ ಮನೆಯಲ್ಲಿ ಊಟಕ್ಕೆ ಮೊದಲೇ ಹೇಳಿಟ್ಟಿದ್ವಿ, ಕುಚ್ಚಲಕ್ಕಿ ಅನ್ನ, ಸಿಗಡಿ ಸುಕ್ಕ, ಕಾಣೆ ಫ್ರೈ. ಊಟ ಆದ ಮೇಲೆ ಜಗುಲಿಯಲ್ಲಿ ಚಾಪೆ ಹಾಕಿ ಮಲಗಿದ್ವಿ. ಬೆಂಗಳೂರಿನವರಿಗೆ ಈ ಕಾಯುದು ಸ್ವಲ್ಪ ಕಷ್ಟ ಆಯ್ತು, ಎಂತಕ್ಕೆ ಟೈಮ್ ವೇಸ್ಟ್, ಮಲ್ಪೆ ಬೀಚಿಗೆ ಹೋಗುವ ಅಂತ ಗೊಣಗಾಟ, ನಾನು ಕೇಳಿಸದ ಹಾಗೆ ಮಲಗಿದೆ.

ಮೂರಕ್ಕೆ ಪುನಃ ಹೋದಾಗ ಬೆಳಿಗ್ಗೆ ದೋಣಿ ಹೋದ ಕವಲಲ್ಲಿ ನೀರೇ ಇಲ್ಲ, ಬರೀ ಬೂದು ಬಣ್ಣದ ಕೆಸರು. ಅವಿಸೆನ್ನಿಯಾ ಮರದ ಸುತ್ತ ಬೆರಳುದ್ದದ ಉಸಿರುಬೇರು ಸಾವಿರಗಟ್ಟಲೆ ಮೇಲೆ ಎದ್ದು ನಿಂತಿದ್ವು. ಕೆಸರಿನೊಳಗೆ ಗಾಳಿ ಇರುದಿಲ್ಲ, ಹಾಗಾಗಿ ಮರ ಬೇರನ್ನೇ ಮೇಲೆ ಕಳಿಸಿ ಗಾಳಿ ತೆಗೊಳ್ತದೆ, ಅದರ ಮೇಲೆ ಕಾಲಿಟ್ಟರೆ ಮುರೀತದೆ, ನಮ್ಮ ಕಾಲಿಗೂ ಚುಚ್ತದೆ. ಗೈಡ್ ನಮ್ಮನ್ನು ಅಂಚಿನ ಗಟ್ಟಿ ಜಾಗದಲ್ಲಿ ಕೂರಿಸಿ "ಐದ್ ನಿಮಿಷ ಬಾಯಿ ಮುಚ್ಕಂಡ್ ಕೂಕಣಿ" ಅಂದ್ರು. ಮೊದಲ ಎರಡು ನಿಮಿಷ ಎಂತ ಇಲ್ಲ. ಆಮೇಲೆ ಕೆಸರಿಡೀ ಅಲುಗಲಿಕ್ಕೆ ಶುರು. ತೂತುಗಳಿಂದ ಫಿಡ್ಲರ್ ಏಡಿಗಳು ಒಂದೊಂದೇ ಹೊರಗೆ, ಗಂಡಿಗೆ ಒಂದು ಕೊಂಬು, ಅಂದ್ರೆ ಇಕ್ಕಳದ ಹಾಗಿರುವ ಮುಂಗೈ, ಮೈಯಷ್ಟೇ ದೊಡ್ಡದು, ಇನ್ನೊಂದು ಚಿಕ್ಕದು. ದೊಡ್ಡದನ್ನು ಎತ್ತಿ ಎತ್ತಿ ಬೀಸ್ತದೆ, ಹೆಣ್ಣನ್ನು ಕರೀಲಿಕ್ಕೆ, ಬೇರೆ ಗಂಡನ್ನು ಹೆದರಿಸ್ಲಿಕ್ಕೆ. ಚಿಕ್ಕ ಕೊಂಬಲ್ಲಿ ಕೆಸರು ಬಾಯಿಗೆ ಹಾಕಿ, ಅದರಲ್ಲಿ ತಿನ್ನುವಂಥದ್ದು ಸೋಸಿಕೊಂಡು, ಉಳಿದದ್ದನ್ನು ಸಣ್ಣ ಉಂಡೆ ಮಾಡಿ ಬದಿಗೆ ಇಡ್ತದೆ. ಹೆಣ್ಣಿಗೆ ಎರಡೂ ಕೊಂಬು ಚಿಕ್ಕದು, ಎರಡು ಕೈಯಲ್ಲೂ ಊಟ, ಗಂಡು ಒಂದೇ ಕೈಯಲ್ಲಿ. ನನ್ನ ಹೆಂಡತಿ ಆ ಗಂಡಿನ ದೊಡ್ಡ ಕೈಗೆ ಕೆಲಸ ಇಲ್ಲ ಅಂದದ್ದಕ್ಕೆ ಎಲ್ಲರೂ ನನ್ನನ್ನು ನೋಡಿ ನಕ್ಕರು, ಇರ್ಲಿ.

ಅದಕ್ಕಿಂತ ನನಗೆ ಹಿಡಿಸಿದ್ದು ಮಡ್‌ಸ್ಕಿಪ್ಪರ್, ಅಂದ್ರೆ ಕೆಸರಲ್ಲಿ ಓಡಾಡುವ ಮೀನು. ನಮ್ಮಿಂದ ಎರಡು ಮಾರು ದೂರದ ಬೇರಿನ ಮೇಲೆ ಒಂದು ಹತ್ತಿ ಕೂತಿತ್ತು, ಎದೆಯ ರೆಕ್ಕೆ ಎರಡನ್ನೂ ಮೊಣಕೈ ಊರಿದ ಹಾಗೆ ಊರಿ. ಕಣ್ಣು ತಲೆಯ ಮೇಲೆ ಉಬ್ಬಿಕೊಂಡು ಇರ್ತದೆ, ಆಗಾಗ ಒಂದು ಕಣ್ಣು ಗುಳುಂ ಅಂತ ಒಳಗೆ ಹೋಗಿ ಒದ್ದೆಯಾಗಿ ಪುನಃ ಮೇಲೆ ಬರ್ತದೆ. ಕಿವಿರಿನ ಚೀಲದಲ್ಲಿ ನೀರು ಹಿಡಿದಿಟ್ಟುಕೊಂಡು, ಒದ್ದೆ ಚರ್ಮದಿಂದಲೂ ಉಸಿರಾಡ್ತದಂತೆ, ಅದಕ್ಕೇ ಮೈ ಒಣಗುವ ಹೊತ್ತಿಗೆ ಒಮ್ಮೆ ಕೆಸರಲ್ಲಿ ಹೊರಳಾಡಿ ಬರ್ತದೆ. ಇನ್ನೊಂದು ಹತ್ರ ಬಂತು, ಇದು ಬೆನ್ನಿನ ರೆಕ್ಕೆ ಸೆಟೆದು ನಿಲ್ಲಿಸಿತು, ಬಾಯಿ ಅಗಲಿಸಿತು, ಎರಡೂ ಎದುರೆದುರು ಹಾರಿದ್ವು, ಬಂದದ್ದು ಸೋತು ಕೆಸರಲ್ಲಿ ಚಿಮ್ಮಿ ಚಿಮ್ಮಿ ಓಡಿತು. ಮಲ್ಪೆ ಬೀಚ್ ಅಂತ ಗೊಣಗಿದ ಭಾವ ಹೊಟ್ಟೆ ಅಡಿ ಮಾಡಿ ಮಲಗಿ ವಿಡಿಯೋ ಮಾಡ್ತಾ ಇದ್ರು, ಶರ್ಟ್ ಕೆಸರೋ ಕೆಸರು.

ಹಕ್ಕಿಗಳೂ ಈಗಲೇ ಬಂದದ್ದು. ಬೆಳ್ಳಕ್ಕಿ, ಕೊಳದ ಬಕ, ಬಾಲ ಕುಣಿಸುವ ಗದ್ದೆಗೊರವ, ಕೊಕ್ಕು ಕೆಳಗೆ ಬಾಗಿದ ವಿಂಬ್ರೆಲ್ ಎರಡು, ಚಳಿಗಾಲಕ್ಕೆ ದೂರದ ಉತ್ತರದಿಂದ ಬರುವಂಥದ್ದು, ಬಾಗಿದ ಕೊಕ್ಕನ್ನು ತೂತಿಗೆ ಹಾಕಿ ಏಡಿ ಎಳೀತದೆ. ಆಚೆ ದಿಬ್ಬದಲ್ಲಿ ಊರಿನ ಹೆಂಗಸರು ಸೀರೆ ಎತ್ತಿಕಟ್ಟಿ ಮರುವಾಯಿ ಹೆಕ್ತಾ ಇದ್ರು. ನೀರಿಳಿದ ಕೆಸರು ಖಾಲಿ ಜಾಗ ಅಲ್ಲ, ಹಕ್ಕಿಗೂ ಊರಿಗೂ ಊಟದ ಬಟ್ಟಲು ಅದು. ಅರಣ್ಯ ಇಲಾಖೆಯವರು ನೆಟ್ಟ ಕಾಂಡ್ಲಾ ಸಾಲು ಒಂದು ಕಡೆ ನೆಟ್ಟಗೆ ಬೆಳೆದಿತ್ತು. ರೈಜೋಫೊರಾ ನೆಡುದು ಸುಲಭ, ಬೀಜ ಮರದಲ್ಲೇ ಮೊಳಕೆ ಒಡೆದು ನುಗ್ಗೆಕಾಯಿ ಹಾಗೆ ಉದ್ದಕ್ಕೆ ನೇತಾಡ್ತದೆ, ಹೆಕ್ಕಿ ತಂದು ಕೆಸರಿಗೆ ಚುಚ್ಚಿದ್ರೆ ಆಯ್ತು. ದಂಡೆ ಕೊರೆಯುವ ಜಾಗದಲ್ಲಿ ನೆಟ್ಟದ್ದು ಒಳ್ಳೆಯದೇ, ಆದ್ರೆ ಕಂಡ ಕಂಡ ಕೆಸರಿಗೆಲ್ಲ ಒಂದೇ ಜಾತಿಯ ಮರ ನೆಟ್ರೆ ಈ ಹಕ್ಕಿ, ಈ ಮರುವಾಯಿ ಎಲ್ಲಿಗೆ ಹೋಗ್ಬೇಕು ಅಂತ ನನಗೆ ಅನ್ನಿಸ್ತದೆ. ಗೈಡ್‌ಗೂ ಅದೇ ತಕರಾರು.

ಇಳಿತದಲ್ಲಿ ಕಾಣುವ ಇನ್ನೊಂದು ವಸ್ತು ಪ್ಲಾಸ್ಟಿಕ್. ಬೆಳಿಗ್ಗೆ ನೀರಡಿ ಇದ್ದದ್ದು ಈಗ ಬೇರಿಗೆ ಸುತ್ತಿಕೊಂಡು ನೇತಾಡ್ತಾ ಇತ್ತು, ಹಾಲಿನ ತೊಟ್ಟೆ, ಡಯಾಪರ್, ಹರಿದ ಬಲೆ, ಚಪ್ಪಲಿ. 2021ರ ಅರಣ್ಯ ವರದಿ ಪ್ರಕಾರ ಇಡೀ ದೇಶದಲ್ಲಿ ಕಾಂಡ್ಲಾ ಕಾಡು 4,992 ಚದರ ಕಿಲೋಮೀಟರ್, ಅದರಲ್ಲಿ ಕರ್ನಾಟಕದ್ದು ಬರೀ 13. ಇಷ್ಟೇ ಇಷ್ಟು ಇರುದು, ಅದಕ್ಕೂ ನಮ್ಮ ಮನೆಯ ಕಸವೇ ಬರುದು. ದೋಣಿಯಲ್ಲಿ ಒಂದು ಗೋಣಿ ಇಟ್ಟಿದ್ವಿ, ಕೈಗೆ ಸಿಕ್ಕಿದ್ದನ್ನು ತುಂಬಿಸಿದ್ವಿ, ಬೇಗ ತುಂಬಿತು. ಬೆಳಿಗ್ಗೆ ಒಂದು ದೋಣಿಯವರು ಹಾಡು ಜೋರು ಇಟ್ಟು ಹೋದಾಗ ಕೊಂಬೆಯಲ್ಲಿ ಕೂತ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದು ಹಾರಿ ಹೋದದ್ದು ಪುನಃ ಬರ್ಲೇ ಇಲ್ಲ, ಹಾಗಾಗಿ ಬುಕ್ ಮಾಡುವಾಗಲೇ ಸ್ಪೀಕರ್ ಬೇಡ ಅಂತ ಹೇಳಿ.

ಇನ್ನು ಚಿಲ್ಲರೆ ವಿಷಯ. ದುಡ್ಡು ತಲೆಗೆ ಲೆಕ್ಕ ಅಲ್ಲ, ದೋಣಿಗೆ ಒಟ್ಟು ಮಾತಾಡಿ, ಗೈಡ್‌ಗೆ ಬೇರೆ ಕೊಡಿ, ನಮಗೆ ಊಟ ಸೇರಿಯೂ ತಲೆಗೆ ಸಾವಿರದ ಒಳಗೆ ಮುಗೀತು. ಹವಾಯಿ ಚಪ್ಪಲಿ ಹಾಕ್ಬೇಡಿ, ಕೆಸರು ಎಳ್ಕೊಳ್ತದೆ, ಬರಿಗಾಲೂ ಬೇಡ, ಕಲ್ಲಿಗೆ ಬೇರಿಗೆ ಹಿಡಿದ ಸಿಂಪಿ ಬ್ಲೇಡಿನಷ್ಟು ಹರಿತ, ಹಿಂದೆ ಬೆಲ್ಟ್ ಇರುವ ಸ್ಯಾಂಡಲ್ ಹಾಕಿ. ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ಬಿಟ್ಟು ಮಾಸಲು ಬಣ್ಣದ್ದು ಹಾಕಿ. ಸಂಜೆ ಸೊಳ್ಳೆ ಉಂಟು. ಟಾಯ್ಲೆಟ್ ದಡದ ಮನೆಯಲ್ಲೇ ಮುಗಿಸಿ ದೋಣಿ ಹತ್ತಿ, ಒಳಗೆ ಎಲ್ಲಿಯೂ ಇಳೀಲಿಕ್ಕೆ ಆಗುದಿಲ್ಲ. ಮಳೆಗಾಲದಲ್ಲಿ ಹೋಗುವ ಯೋಚನೆಯೇ ಬೇಡ, ಜೂನ್ ಬಂತು ಅಂದ್ರೆ ಹೊಳೆ ಕೆಂಪಾಗಿ ರಭಸದಲ್ಲಿ ಇಳೀತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆದು, ಏಪ್ರಿಲ್ ಹೊತ್ತಿಗೆ ವಲಸೆ ಹಕ್ಕಿಗಳು ಹೆಚ್ಚಿನವು ಹೋಗಿ ಆಗಿರ್ತದೆ, ಸೆಖೆಯಲ್ಲಿ ನಮಗೂ ಕೂರ್ಲಿಕ್ಕೆ ಆಗುದಿಲ್ಲ, ಆದ್ರೆ ಏಡಿ, ಮಡ್‌ಸ್ಕಿಪ್ಪರ್ ಆಗಲೂ ಇರ್ತದೆ. ರಜೆ ಸಿಗುದು ಮೇ ತಿಂಗಳಲ್ಲಿ ಮಾತ್ರ ಅನ್ನುವವರು ಬೆಳಿಗ್ಗೆ ಬೇಗ ಇಳಿತ ಇರುವ ದಿನ ಹುಡುಕಿ, ಬಿಸಿಲು ಏರುವ ಮೊದಲು ಕೆಸರು ನೋಡಿ ಮುಗಿಸಿ, ದೋಣಿ ಮಧ್ಯಾಹ್ನದ ಮೇಲೆ ಇಟ್ಕೊಳ್ಳಿ.