ಒಬ್ಬಳೇ ನಟಿಸುವಾಗ ಅತ್ತೆಯ ಫೋಟೊ ತೆಗೆಯುವುದು ಹೇಗೆ?

ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರದಲ್ಲಿ ಗೆಳತಿಯ ಏಕವ್ಯಕ್ತಿ ನಾಟಕವಿತ್ತು. ಇಳಕಲ್ಲಿನ ನೇಕಾರರ ಮನೆಯ ಸೊಸೆಯ ಪಾತ್ರ, ಎಪ್ಪತ್ತು ನಿಮಿಷದ ಪ್ರಯೋಗ. ‘ಫೋಟೊ ನೀನೇ ತೆಗೆಯಬೇಕು, ದುಡ್ಡು ಬೇಡ ಎನ್ನಬಾರದು’ ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. ಇಂಥ ಗಿರಾಕಿ ಸಿಗುವುದು ಪುಣ್ಯ. ಆದರೆ ಸಲುಗೆ ಇದ್ದಲ್ಲಿ ಲೆಕ್ಕ ಗೋಜಲಾಗುತ್ತದೆ.

ಆದ್ದರಿಂದ ಮೊದಲು ಮಾತು ಮುಗಿಸಿಕೊಳ್ಳಿ. ಎಷ್ಟು ಚಿತ್ರ, ಯಾವತ್ತಿಗೆ, ಯಾವುದಕ್ಕೆ? ಪತ್ರಿಕೆಗೆ ಅಡ್ಡ ಚಿತ್ರ ಬೇಕಾಗಬಹುದು. ಪೋಸ್ಟರಿಗಾದರೆ ಅಕ್ಷರ ಕೂರಿಸಲು ಮೇಲೆ ಜಾಗ ಬಿಟ್ಟ ಉದ್ದ ಚಿತ್ರ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಸಾಲು ಬರೆದು ಕಳಿಸಿ, ಮುಂಗಡವನ್ನೂ ಪಡೆಯಿರಿ.

ಇನ್ನು ತಾಲೀಮು. ಮೊದಲ ದಿನ ಕ್ಯಾಮೆರಾ ಮನೆಯಲ್ಲೇ ಇರಲಿ; ಒಂದು ನೋಟ್‌ಬುಕ್ ಸಾಕು. ಏಕವ್ಯಕ್ತಿ ನಾಟಕದಲ್ಲಿ ಕಾಣುವವರು ಒಬ್ಬರು, ಇರುವವರು ಹಲವರು. ನನ್ನ ಗೆಳತಿಯ ನಾಟಕದ ಕಾಣದ ಅತ್ತೆ ಸದಾ ಎಡಗಡೆ, ಕಣ್ಣಿಗಿಂತ ಒಂದು ಗೇಣು ಮೇಲೆ; ಗಂಡ ಬಲಗಡೆ, ಮಗ್ಗದ ಕುಣಿಯಲ್ಲಿ ಕೂತವನಾದ್ದರಿಂದ ಕೆಳಗೆ. ಅವಳ ನೋಟ ಯಾವ ಮಾತಿಗೆ ಎತ್ತ ಹೋಗುತ್ತದೆ ಎಂದು ಬರೆದುಕೊಂಡೆ. ಚಿತ್ರದ ಚೌಕಟ್ಟು ನಿರ್ಧಾರವಾಗುವುದು ಅಲ್ಲಿಯೇ. ನೋಟ ಹೋದ ಕಡೆ ಖಾಲಿ ಜಾಗ ಬಿಡಬೇಕು. ಮುಖವನ್ನೇ ತುಂಬಾ ಹತ್ತಿರಕ್ಕೆ ಎಳೆದುಕೊಂಡರೆ ಅತ್ತೆ ಹೊರಗೆ ಬೀಳುತ್ತಾಳೆ, ಉಳಿಯುವುದು ಸುಮ್ಮನೆ ಹುಬ್ಬು ಗಂಟಿಕ್ಕಿದ ಹೆಂಗಸು. ನಾನೂ ವರ್ಷಗಟ್ಟಲೆ ಅಂಥವನ್ನೇ ತೆಗೆದು ಬೀಗಿದವನು.

ಬೆಳಕಿನ ತಾಲೀಮಿಗೆ ಕ್ಯಾಮೆರಾ ಒಯ್ಯಿರಿ. ಫ್ಲ್ಯಾಶ್ ಮಾತೇ ಬೇಡ. ಎಫ್/1.8ರ, ಅಂದರೆ ಬೆಳಕಿನ ಕಿಂಡಿ ಅಗಲವಾಗಿ ತೆರೆಯುವ, 85 ಮಿ.ಮೀ. ಲೆನ್ಸ್ ದುಬಾರಿ ಜೂಮ್‌ಗಿಂತ ಅಗ್ಗ, ಕತ್ತಲಿಗೂ ಹೊಂದುತ್ತದೆ. ನಿಂತು ಮಾತಾಡುವಾಗ ಶಟರ್ ವೇಗ 1/125 ಸೆಕೆಂಡ್, ಕೈ ಬೀಸುವಾಗ 1/250ಕ್ಕಿಂತ ಕಡಿಮೆ ಬೇಡ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200ಕ್ಕೆ ಏರಿದರೆ ಗಾಬರಿಯಾಗಬೇಡಿ. ಕಾಳು ಕಾಳಾದ ಚಿತ್ರವನ್ನು ಸರಿಪಡಿಸಬಹುದು, ಅಲುಗಿದ್ದನ್ನು ಆಗದು. ಹಿಂದಿನ ಕಪ್ಪು ಪರದೆ ಕ್ಯಾಮೆರಾವನ್ನು ಮೋಸಗೊಳಿಸಿ ಮುಖವನ್ನು ಸುಣ್ಣ ಬಳಿದಂತೆ ಬಿಳುಪಾಗಿಸುತ್ತದೆ, ಆದ್ದರಿಂದ ಸ್ಪಾಟ್ ಮೀಟರಿಂಗ್‌ನಲ್ಲಿ ಮುಖದ ಬೆಳಕನ್ನಷ್ಟೇ ಅಳೆಯಿರಿ. ಆಮೇಲೆ ತಿದ್ದಲು ಅನುಕೂಲವಾಗುವ, ಕ್ಯಾಮೆರಾ ಸಂಸ್ಕರಿಸದ ‘ರಾ’ ಫೈಲ್‌ನಲ್ಲೇ ತೆಗೆಯಿರಿ.

ಉಡುಪಿನದು ಇನ್ನೊಂದು ತಾಪತ್ರಯ. ಅವಳು ಉಟ್ಟಿದ್ದು ಕಡುನೀಲಿ ಒಡಲಿನ, ಕೆಂಪು ಸೆರಗಿನ ಇಳಕಲ್ ಸೀರೆ. ಒಡಲು ಕಪ್ಪು ಪರದೆಯಲ್ಲಿ ಕರಗಿಹೋಗಿ, ಗಾಳಿಯಲ್ಲಿ ತೇಲುವ ತಲೆ ಮಾತ್ರ ಕಾಣುತ್ತಿತ್ತು. ಬೆಳಕಿನ ವಿನ್ಯಾಸಕರನ್ನು ಕೇಳಿಕೊಂಡಾಗ ಹಿಂದಿನಿಂದ ಒಂದು ದೀಪವನ್ನು ತುಸು ಏರಿಸಿದರು. ಭುಜದ ಅಂಚು ಎದ್ದು ಬಂತು. ಕೆಂಪು ಎಲ್‌ಇಡಿ ಹತ್ತಿದಾಗಲಂತೂ ಸೆರಗಿನ ನೇಯ್ಗೆಯೆಲ್ಲ ಅಳಿಸಿ ಒಂದೇ ಮುದ್ದೆ. ಆ ದೃಶ್ಯಕ್ಕೆ ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಕಡಿಮೆ ಬೆಳಕು ತೆಗೆದುಕೊಂಡೆ.

ಪ್ರಯೋಗದ ದಿನ ಸದ್ದಿನದೇ ಚಿಂತೆ. ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರ ಹೆಸರು ಹೊತ್ತ ಸಭಾಂಗಣದಲ್ಲಿ ಟಕ್ ಟಕ್ ಎನ್ನಿಸುತ್ತ ಕೂರಲು ಸಂಕೋಚವಾಗಬೇಕು. ನಿಶ್ಶಬ್ದ ಶಟರ್ ಇದೆಯಲ್ಲ ಎನ್ನಬಹುದು. ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಂತೆ ಮಿನುಗುತ್ತಿದ್ದರೆ ಅದರಲ್ಲಿ ಅಡ್ಡ ಪಟ್ಟೆ ಬೀಳುತ್ತದೆ. ಹಿಂದೊಮ್ಮೆ ಬೇರೊಂದು ಊರಿನಲ್ಲಿ ಇಡೀ ನಾಟಕ ಹೀಗೆ ಪಟ್ಟೆಪಟ್ಟೆಯಾಗಿ ಬಂದು, ಮುಂಗಡ ಹಿಂದಿರುಗಿಸಿದ್ದೇನೆ. ತಾಲೀಮಿನಲ್ಲೇ ಪರೀಕ್ಷಿಸಿ. ಪಟ್ಟೆ ಬಿದ್ದರೆ ಮಾಮೂಲಿ ಶಟರ್ ಇಟ್ಟುಕೊಂಡು ಹಾಡು, ಕೂಗು, ಚಪ್ಪಾಳೆಯ ಮರೆಯಲ್ಲಿ ಒತ್ತಿ. ಮೌನದ ದೃಶ್ಯ ಬೇಕೇಬೇಕೆಂದರೆ ತಾಲೀಮಿನದೇ ಸಾಕು. ಕ್ಯಾಮೆರಾದ ಪರದೆ ಆರಿಸಿರಿ. ಅದರ ಬೆಳಕು ಹಿಂದಿನ ಸಾಲಿನವರಿಗೆ ಕಿರಿಕಿರಿ.

ಅದೇ ರಾತ್ರಿ ಪತ್ರಿಕೆಗೆಂದು ಎರಡು ಚಿತ್ರ ಕಳಿಸಿ. ಉಳಿದವನ್ನು ನಿದ್ದೆ ಮಾಡಿ ಎದ್ದು ಆರಿಸಿ. ಆರುನೂರರಲ್ಲಿ ನಾನು ಉಳಿಸಿಕೊಂಡದ್ದು ನಲವತ್ತು. ಮಾತಿನ ನಡುವೆ ಬಾಯಿ ಸೊಟ್ಟಗಾದವು ಮೊದಲು ಹೋದವು.

ಬೆನ್ನು ತಟ್ಟುವ ಗೆಳತಿಗೆ ‘ಹೇಗಿವೆ?’ ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲವೂ ಚೆನ್ನಾಗಿವೆ ಎನ್ನುತ್ತಾಳೆ. ‘ಅತ್ತೆ ಯಾವುದರಲ್ಲಿ ಕಾಣುತ್ತಾಳೆ?’ ಎಂದು ಕೇಳಿದೆ. ಬಹಳ ಹೊತ್ತು ನೋಡಿ ಮೂರನ್ನು ತೋರಿಸಿದಳು. ಅದರಲ್ಲೊಂದು, ಫೋಕಸ್ ತುಸು ತಪ್ಪಿದೆಯೆಂದು ನಾನು ಪಕ್ಕಕ್ಕೆ ಸರಿಸಿಟ್ಟಿದ್ದದ್ದು. ಪೋಸ್ಟರಿಗೆ ಹೋದದ್ದು ಅದೇ.